ಬಿಸಿದೀಪವಿಲ್ಲದೆ ಸಾಕಬಹುದಾದ ಕಪ್ಪೆ, ಹಲ್ಲಿ, ಹಾವು: ಕಾರವಾರಕ್ಕೊಂದು ಲೆಕ್ಕ, ಶಿರಸಿಗೊಂದು ಲೆಕ್ಕ

ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ಕಾರವಾರದ ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಅಡುಗೆಮನೆಯ ಕಟ್ಟೆಯ ಮೇಲೆ ಗಾಜಿನ ತೊಟ್ಟಿ. ಅದರೊಳಗೆ ತಿಳಿಗುಲಾಬಿ ಬಣ್ಣದ, ಗೇಣುದ್ದದ ಆಕ್ಸೊಲಾಟಲ್, ಎಂದರೆ ನೀರಿನಲ್ಲೇ ಬದುಕುವ, ಕಪ್ಪೆಯಂತೆ ಉಭಯಚರವಾದ ಸಾಲಮಾಂಡರ್. ತಲೆಯ ಎರಡೂ ಬದಿಗೆ ಗರಿಯಂತೆ ಹರಡಿರಬೇಕಾದ ಕಿವಿರುಗಳು ಮುಂದಕ್ಕೆ ಮುದುಡಿದ್ದವು. ಒಂದರ ತುದಿಯಲ್ಲಿ ಹತ್ತಿಯ ಎಳೆಯಂತೆ ಬಿಳಿ ಬೂಷ್ಟು. ಗೆಳೆಯರ ಹೆಂಡತಿ ಮೂರು ಗಂಟೆಗೊಮ್ಮೆ ಫ್ರಿಜ್‌ನಿಂದ ಹೆಪ್ಪುಗಟ್ಟಿದ ನೀರಿನ ಬಾಟಲಿ ತೆಗೆದು ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದರು. ಒಂದು ರಾತ್ರಿ ಆರು ಗಂಟೆ ಕರೆಂಟ್ ಇರಲಿಲ್ಲ. ಬೆಳಗಾಗುವಷ್ಟರಲ್ಲಿ ಪ್ರಾಣಿ ಸತ್ತಿತ್ತು.

ಮಾರಿದವರು ಅವರಿಗೆ ಹೇಳಿದ್ದು ಒಂದೇ ಮಾತು: ‘ಇದಕ್ಕೆ ಹೀಟರ್ ಬೇಡ.’ ಆ ಮಾತು ಸುಳ್ಳಲ್ಲ. ಆಕ್ಸೊಲಾಟಲ್ ಮೆಕ್ಸಿಕೋದ ಎತ್ತರದ ಸೀಮೆಯ ಶೋಚಿಮಿಲ್ಕೊ ಕಾಲುವೆಗಳ ಪ್ರಾಣಿ. 16ರಿಂದ 18 ಡಿಗ್ರಿಯ ನೀರು ಅದಕ್ಕೆ ಹಿತ. 22 ದಾಟಿದರೆ ಬಳಲುತ್ತದೆ. ಅಂದು ಆ ತೊಟ್ಟಿಯ ನೀರು 29 ಡಿಗ್ರಿ ಇತ್ತು.

ಹಾಗಾಗಿ ಉತ್ತರ ಕನ್ನಡದಲ್ಲಿ ಕುಳಿತು ‘ಬಿಸಿ ಕೊಡಬೇಕೇ?’ ಎಂದಷ್ಟೇ ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ. ‘ನಮ್ಮ ಮೇ ತಿಂಗಳನ್ನು ತಡೆದುಕೊಳ್ಳುತ್ತದೆಯೇ? ಜುಲೈನ ತೇವ ಅದಕ್ಕೆ ಆಗಿಬರುತ್ತದೆಯೇ?’ ಎಂಬುದು ಉಳಿದರ್ಧ. ನಾನು ಹುಟ್ಟಿ ಬೆಳೆದದ್ದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಈಗ ಇರುವುದು ಕಾರವಾರದಲ್ಲಿ. ದೇವಿಮನೆ ಘಟ್ಟ ಹತ್ತಿಳಿಯುವುದರೊಳಗೆ ಈ ಪ್ರಶ್ನೆಯ ಉತ್ತರ ಬದಲಾಗುವುದನ್ನು ಕಣ್ಣಾರೆ ಕಂಡಿದ್ದೇನೆ.

ಮೊದಲು ಮನೆಯನ್ನು ಅಳೆಯಿರಿ

ಪ್ರಾಣಿಯ ಹೆಸರು ಹುಡುಕುವ ಮೊದಲು ಒಂದು ಉಷ್ಣಮಾಪಕ ಕೊಳ್ಳಿ. ದಿನದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣತೆಯನ್ನು ನೆನಪಿಟ್ಟುಕೊಳ್ಳುವ, ಜೊತೆಗೆ ಗಾಳಿಯ ತೇವಾಂಶವನ್ನೂ ತೋರಿಸುವ ಡಿಜಿಟಲ್ ಮಾಪಕ ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ. ಪ್ರಾಣಿಯನ್ನು ಎಲ್ಲಿ ಇಡಬೇಕೆಂದಿದ್ದೀರೋ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಇಡಿ. ಮೊಬೈಲ್ ತೋರಿಸುವ ಊರಿನ ಹವಾಮಾನ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಏಕೆಂದು ನನ್ನ ಪುಸ್ತಕದಲ್ಲಿ ಬರೆದಿಟ್ಟ ಅಂಕಿಗಳಿಂದಲೇ ಹೇಳುತ್ತೇನೆ. ಶಿರಸಿ ಕಡೆಯ ನಮ್ಮ ಮೂಲಮನೆ ಹಂಚಿನದು, ಹಂಚಿನ ಕೆಳಗೆ ಮಣ್ಣು ಹಾಸಿದ ಅಟ್ಟವಿದೆ. ಅದರ ನಡುಮನೆಯಲ್ಲಿ ಡಿಸೆಂಬರ್ ಬೆಳಗಿನ ಜಾವ 17 ಡಿಗ್ರಿ, ಏಪ್ರಿಲ್ ಮಧ್ಯಾಹ್ನ 29. ಅದೇ ಅಂಗಳದಾಚೆ ಕಟ್ಟಿಸಿದ ತಾರಸಿ ಮನೆಯಲ್ಲಿ ಅದೇ ಮಧ್ಯಾಹ್ನ 34. ನಡುವೆ ಇರುವುದು ಮೂವತ್ತು ಹೆಜ್ಜೆ, ವ್ಯತ್ಯಾಸ ಐದು ಡಿಗ್ರಿ! ಕಾರವಾರದ ನನ್ನ ಮನೆಯಲ್ಲಿ ಜನವರಿಯ ಮುಂಜಾವಿನಲ್ಲೂ 22ಕ್ಕಿಂತ ಕೆಳಗಿಳಿದದ್ದಿಲ್ಲ. ಮೇ ತಿಂಗಳ ಮಧ್ಯಾಹ್ನ 33, ರಾತ್ರಿ 29. ಜುಲೈ ಪೂರ್ತಿ ತೇವಾಂಶ ಶೇಕಡಾ 85ರ ಮೇಲೆಯೇ.

ಕನಿಷ್ಠ ಎರಡು ತಿಂಗಳು ಅಳೆಯಿರಿ. ಅವುಗಳಲ್ಲಿ ಒಂದು ಏಪ್ರಿಲ್ ಅಥವಾ ಮೇ ಆಗಿರಲಿ, ಇನ್ನೊಂದು ಮಳೆಗಾಲದ್ದಾಗಿರಲಿ. ಘಟ್ಟದ ಮೇಲಿನವರಾದರೆ ಡಿಸೆಂಬರನ್ನೂ ಬಿಡಬೇಡಿ. ಕೊನೆಗೆ ನಿಮ್ಮ ಕೈಯಲ್ಲಿ ಮೂರು ಅಂಕಿ ಉಳಿಯಬೇಕು: ವರ್ಷದ ಅತಿ ತಂಪು, ವರ್ಷದ ಅತಿ ಬಿಸಿ, ಮಳೆಗಾಲದ ತೇವ. ಅಂಗಡಿಗೆ ಹೋದಾಗ ಈ ಮೂರನ್ನು ಮುಂದಿಟ್ಟು ಮಾತಾಡಿ.

ಬಿಸಿದೀಪ ಬೇಡದ ಪ್ರಾಣಿಯನ್ನೇ ಹುಡುಕಿ ಎಂದು ನಾನು ಹೇಳಲು ಕರೆಂಟ್ ಬಿಲ್ಲು ದೊಡ್ಡ ಕಾರಣವಲ್ಲ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ನಮ್ಮ ಹಳ್ಳಿಗಳಲ್ಲಿ ಎರಡು ದಿನ, ಮೂರು ದಿನ ಕತ್ತಲೆ. ದೀಪದ ಬಿಸಿಯನ್ನೇ ನಂಬಿ ಬದುಕುವ ಪ್ರಾಣಿ ಆ ಮೂರು ದಿನ ಏನು ಮಾಡಬೇಕು?

ಯಾವುದನ್ನು ಮುಟ್ಟಬಾರದು

ಹಿತ್ತಲಲ್ಲಿ, ಗದ್ದೆಯಲ್ಲಿ, ಕಾಡಿನಲ್ಲಿ ಸಿಕ್ಕಿದ್ದನ್ನು ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ಹೆಬ್ಬಾವು, ಉಡ, ನಕ್ಷತ್ರ ಆಮೆ, ಕೆರೆಯ ಆಮೆಗಳಿಗೆ ರಕ್ಷಣೆ ಕೊಟ್ಟಿದೆ. ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿಯ ವಿಷಯದಲ್ಲಿ ತಪ್ಪು ಸಾಬೀತಾದರೆ ಮೂರರಿಂದ ಏಳು ವರ್ಷ ಸೆರೆವಾಸ. ‘ಮನೆಗೆ ಅದೃಷ್ಟ’ ಎಂದು ನಕ್ಷತ್ರ ಆಮೆ ಮಾರುವವರು ಇವತ್ತಿಗೂ ಇದ್ದಾರೆ. ಅವರ ಹತ್ತಿರ ಚೌಕಾಸಿಗೂ ನಿಲ್ಲಬೇಡಿ.

ವಿದೇಶಿ ಪ್ರಾಣಿಗಳಲ್ಲಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ‘ಸೈಟೀಸ್’ ಒಪ್ಪಂದದ ಪಟ್ಟಿಯಲ್ಲಿರುವವನ್ನು ಸಾಕುವವರು ಹೆಸರು ನೋಂದಾಯಿಸಬೇಕು. 2022ರ ತಿದ್ದುಪಡಿ ಈ ಪಟ್ಟಿಯನ್ನು ಕಾಯ್ದೆಯ ನಾಲ್ಕನೆಯ ಪರಿಚ್ಛೇದಕ್ಕೆ ತಂದಿತು. 2024ರಲ್ಲಿ ಬಂದ ನಿಯಮದ ಪ್ರಕಾರ ಕೇಂದ್ರ ಸರಕಾರದ ‘ಪರಿವೇಶ್’ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಬಾಲ್ ಪೈಥಾನ್, ಹಸಿರು ಇಗುವಾನಾ, ಆಕ್ಸೊಲಾಟಲ್ ಮೂರೂ ಆ ಪಟ್ಟಿಯಲ್ಲಿವೆ. ಪಟ್ಟಿ ಆಗಾಗ ಬದಲಾಗುವುದರಿಂದ ಹಳೆಯ ಮಾಹಿತಿಯನ್ನು ನಂಬದೆ ಕೊಳ್ಳುವ ದಿನವೇ ನೋಡಿ. ರಸೀದಿಯಲ್ಲಿ ಪ್ರಾಣಿಯ ವೈಜ್ಞಾನಿಕ ಹೆಸರು ಬರೆಸಿಕೊಳ್ಳಿ. ರಸೀದಿ ಕೊಡಲು ಒಪ್ಪದ ಅಂಗಡಿಯಿಂದ ಬರಿಗೈಯಲ್ಲಿ ಬಂದರೂ ನಷ್ಟವಿಲ್ಲ.

ಇನ್ನು ಕೆಂಪು ಕಿವಿಯ ಸ್ಲೈಡರ್ ಆಮೆ. ಅಕ್ವೇರಿಯಂ ಅಂಗಡಿಗಳಲ್ಲಿ ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಹಸಿರು ಮರಿ, ಮಕ್ಕಳಿಗೆ ಒಂದೇ ನೋಟಕ್ಕೆ ಇಷ್ಟವಾಗುತ್ತದೆ. ಕರಾವಳಿಯಲ್ಲಿ ಅದಕ್ಕೆ ಹೀಟರ್ ಬೇಡ, ನಿಜ. ಆದರೆ ಅದು ಊಟದ ತಟ್ಟೆಯಷ್ಟು ದೊಡ್ಡದಾಗುತ್ತದೆ, ಇಪ್ಪತ್ತು-ಮೂವತ್ತು ವರ್ಷ ಬದುಕುತ್ತದೆ, ನೀರನ್ನು ಎರಡೇ ದಿನದಲ್ಲಿ ಕೆಡಿಸುತ್ತದೆ. ಬೇಸತ್ತವರು ಒಂದು ಸಂಜೆ ಅದನ್ನು ಕೆರೆಗೆ ಬಿಟ್ಟು ಬರುತ್ತಾರೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಅಮೆರಿಕದ ಆ ಆಮೆ ನಮ್ಮ ಕೆರೆಯ ಆಮೆಯ ಊಟವನ್ನೂ ಬಿಸಿಲು ಕಾಯುವ ಕಲ್ಲನ್ನೂ ಕಿತ್ತುಕೊಳ್ಳುತ್ತದೆ. ದಯವಿಟ್ಟು ಕೊಳ್ಳಬೇಡಿ. ಈಗಾಗಲೇ ಮನೆಯಲ್ಲಿದ್ದರೆ ಕೊನೆತನಕ ನೀವೇ ನೋಡಿಕೊಳ್ಳಿ. ಅಘನಾಶಿನಿಗೋ ಕಾಳಿಗೋ ಬಿಡುವ ಯೋಚನೆ ಬೇಡ.

ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಣ ನೆಲದ ಓತಿ. ಮೈ ಕಾಯಿಸಲು ನಲವತ್ತು ಡಿಗ್ರಿ ಸುಮಾರಿನ ಬಿಸಿ ಜಾಗ ಬೇಕು, ಗಾಳಿ ಒಣಗಿರಬೇಕು. ನಮ್ಮ ಜುಲೈ ಅದಕ್ಕೆ ಶಿಕ್ಷೆ.

ಕರಾವಳಿಗೆ ಹೊಂದುವವು

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರು ಕೇಳಿದರೆ ನಾನು ಮೊದಲು ಹೇಳುವ ಹೆಸರು ವೈಟ್ಸ್ ಮರಗಪ್ಪೆ. ಇದು ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಕಪ್ಪೆ. ಅಲ್ಲಿ ಮನೆಗಳ ಶೌಚಾಲಯ, ನೀರಿನ ತೊಟ್ಟಿಗಳಲ್ಲಿ ತಾನಾಗಿ ಬಂದು ಕೂರುವಷ್ಟು ಮನುಷ್ಯರ ಸಹವಾಸಕ್ಕೆ ಒಗ್ಗಿಕೊಂಡಿದೆ. 24ರಿಂದ 28 ಡಿಗ್ರಿ ಅದಕ್ಕೆ ಹಿತ. ನೀರು ಮತ್ತು ಗಾಳಿಯಾಟ ಇದ್ದರೆ ಅದಕ್ಕಿಂತ ಹೆಚ್ಚಿನ ಸೆಕೆಯನ್ನೂ ಸಹಿಸುತ್ತದೆ. ಅಂಗೈ ತುಂಬುವ ಗಾತ್ರ. ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷಕ್ಕೂ ಮೀರಿ ಬದುಕುತ್ತದೆ, ಹಾಗಾಗಿ ಹೈಸ್ಕೂಲಿನ ಮಗುವಿಗೆ ಕೊಡಿಸುವಾಗ ಆ ಮಗು ಓದಲು ಊರು ಬಿಟ್ಟ ಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂದು ಇವತ್ತೇ ಮಾತಾಡಿಕೊಳ್ಳಿ.

ಅದು ಊಟ ಮಾಡುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸಂಜೆ ದೀಪ ಸಣ್ಣದು ಮಾಡಿದ ಮೇಲೆ ಎಲೆಯ ಮೇಲಿನಿಂದ ನಿಧಾನವಾಗಿ ಏಳುತ್ತದೆ, ಹುಳದ ಕಡೆ ತಲೆ ವಾಲಿಸುತ್ತದೆ, ಬಾಯಿ ತೆರೆದದ್ದು ಕಾಣುವುದರೊಳಗೆ ಹುಳ ಮಾಯ. ಆಮೇಲೆ ಎರಡೂ ಕಣ್ಣು ಮುಚ್ಚುತ್ತದೆ. ಮುಚ್ಚುವುದಷ್ಟೇ ಅಲ್ಲ, ಗುಡ್ಡೆಗಳು ತಲೆಯೊಳಕ್ಕೆ ಇಳಿಯುತ್ತವೆ. ಕಪ್ಪೆ ನುಂಗುವಾಗ ಕಣ್ಣುಗುಡ್ಡೆಗಳೇ ಒಳಗಿನಿಂದ ತುತ್ತನ್ನು ಗಂಟಲಿಗೆ ಒತ್ತುತ್ತವೆ. ಕಣ್ಣು ಮತ್ತೆ ಮೇಲೆ ಬಂದಾಗ ಊಟ ಮುಗಿದಿರುತ್ತದೆ. ಇದನ್ನು ಇನ್ನೂ ಒಮ್ಮೆ ನೋಡುವ ಆಸೆಗೆ ಮತ್ತೊಂದು ಹುಳ ಹಾಕುವುದೇ ಸಾಕುವವರೆಲ್ಲ ಮಾಡುವ ತಪ್ಪು. ದೊಡ್ಡ ಕಪ್ಪೆಗೆ ವಾರಕ್ಕೆ ಎರಡು-ಮೂರು ಸಲ ಊಟ ಸಾಕು. ಕಣ್ಣಿನ ಮೇಲಿನ ಮಡಿಕೆ ದಪ್ಪಗಾಗಿ ಕಣ್ಣಿಗೇ ಇಳಿಬೀಳುತ್ತಿದ್ದರೆ ಬೊಜ್ಜು ಬಂದಿದೆ ಎಂದು ತಿಳಿಯಿರಿ.

ಎರಡನೆಯದು ಆಫ್ರಿಕಾದ ಫ್ಯಾಟ್‌ಟೇಲ್ ಗೆಕೊ, ದಪ್ಪ ಬಾಲದ ನೆಲಹಲ್ಲಿ. ಪಶ್ಚಿಮ ಆಫ್ರಿಕಾದಿಂದ ಬಂದದ್ದು. ಪೆಟ್ಟಿಗೆಯ ಬೆಚ್ಚಗಿನ ಬದಿ 30 ಡಿಗ್ರಿ ಸುಮಾರು ಇರಲಿ ಎಂದು ಬಯಸುತ್ತದೆ. ಚಳಿದೇಶದವರು ಅದಕ್ಕಾಗಿ ಶಾಖದ ಚಾಪೆ ಹಾಸುತ್ತಾರೆ. ಕಾರವಾರದಲ್ಲಿ ಆ ಬಿಸಿ ವರ್ಷದ ಬಹುಪಾಲು ಗಾಳಿಯಲ್ಲೇ ಇದೆ. ಡಿಸೆಂಬರ್, ಜನವರಿಯಲ್ಲಿ ಊಟ ಸ್ವಲ್ಪ ಕಡಿಮೆ ಮಾಡಿದರೆ ಆಯಿತು. ಇದರ ಹತ್ತಿರದ ಬಂಧು ಲೆಪರ್ಡ್ ಗೆಕೊ ಒಣ ಸೀಮೆಯದು, ನಮ್ಮ ತೇವ ಅದಕ್ಕೆ ಹಿಡಿಸುವುದಿಲ್ಲ. ಅಂಗಡಿಯವರು ಎರಡೂ ಒಂದೇ ಎಂದರೆ ಒಪ್ಪಬೇಡಿ.

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ ವಿಷವಿಲ್ಲದ ಹಾವು. ಮೂರರಿಂದ ಐದು ಅಡಿ ಬೆಳೆಯುತ್ತದೆ, ಹದಿನೈದು-ಇಪ್ಪತ್ತು ವರ್ಷ ಬದುಕುತ್ತದೆ. ಕರಾವಳಿಯ ಕೋಣೆಯ ಉಷ್ಣತೆ ಅದಕ್ಕೆ ಸಾಕು. ಆದರೆ ಎರಡು ಮಾತು ಮನೆಯಲ್ಲಿ ಮೊದಲೇ ಇತ್ಯರ್ಥವಾಗಬೇಕು. ಅದರ ಆಹಾರ ಇಲಿ. ಹೆಪ್ಪುಗಟ್ಟಿಸಿದ ಇಲಿಗಳನ್ನು ಫ್ರಿಜ್‌ನಲ್ಲಿ ಇಡಬೇಕಾಗುತ್ತದೆ. ಮೀನು, ಮಾಂಸ ಒಳಗೆ ಬಾರದ ಅಡುಗೆಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ, ಹಿರಿಯರ ಮನಸ್ಸು ನೋಯಿಸಿ ಸಾಕುವಂಥದ್ದೂ ಅಲ್ಲ. ಎರಡನೆಯದಾಗಿ, ಅದು ತಪ್ಪಿಸಿಕೊಂಡು ಪಕ್ಕದ ಮನೆಗೆ ಹೋದರೆ ಅಲ್ಲಿಯವರು ನಿಮ್ಮನ್ನು ಕೇಳಿ ಕೋಲು ಎತ್ತುವುದಿಲ್ಲ. ಬೀಗ ಹಾಕುವ ಮುಚ್ಚಳವಿಲ್ಲದೆ ಹಾವು ತರಬೇಡಿ.

ಘಟ್ಟದ ಮೇಲಿನವರಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಹಂಚಿನ ಮನೆಗಳಿಗೆ ಕ್ರೆಸ್ಟೆಡ್ ಗೆಕೊ ಹೊಂದುತ್ತದೆ. ನ್ಯೂ ಕ್ಯಾಲೆಡೋನಿಯಾ ದ್ವೀಪದ ಹಲ್ಲಿ ಇದು. ಅಳಿದೇಹೋಯಿತು ಎಂದು ತಿಳಿದಿದ್ದುದನ್ನು 1994ರಲ್ಲಿ ಮತ್ತೆ ಕಂಡರು. ಇದರ ಹಿತ 22ರಿಂದ 26 ಡಿಗ್ರಿ. ರಾತ್ರಿ ಸ್ವಲ್ಪ ಇಳಿದರೂ ಚಿಂತೆಯಿಲ್ಲ, 28ರ ಮೇಲೆ ಹೆಚ್ಚು ಹೊತ್ತು ಉಳಿದರೆ ತೊಂದರೆ. ಹಣ್ಣಿನ ಪುಡಿಯಂತೆ ಸಿಗುವ ಸಿದ್ಧ ಆಹಾರವನ್ನು ನೀರಿನಲ್ಲಿ ಕಲಸಿ ಕೊಟ್ಟರೆ ಅದೇ ಮುಖ್ಯ ಊಟ, ಹುಳ ಆಗೊಮ್ಮೆ ಈಗೊಮ್ಮೆ ಸಾಕು. ಇದನ್ನೇ ಕಾರವಾರಕ್ಕೆ ಇಳಿಸಿದರೆ ಮೇ ತಿಂಗಳು ದಾಟುವುದು ಕಷ್ಟ. ಶಿರಸಿಯಲ್ಲೂ ತಾರಸಿ ಮನೆಯವರಿಗೆ ನಾನು ಬೇಡವೆನ್ನುತ್ತೇನೆ. ನಿಮ್ಮ ಪುಸ್ತಕದಲ್ಲಿ ಏಪ್ರಿಲ್ ಅಂಕಿ ಎಷ್ಟಿದೆ ಎಂಬುದನ್ನು ನೋಡಿಯೇ ತೀರ್ಮಾನಿಸಿ.

ಪ್ಯಾಕ್‌ಮನ್ ಕಪ್ಪೆಯೂ ನಡೆಯುತ್ತದೆ. ದಕ್ಷಿಣ ಅಮೆರಿಕದ ದುಂಡನೆಯ, ದೊಡ್ಡ ಬಾಯಿಯ ಈ ಕಪ್ಪೆ ದಿನವಿಡೀ ಒದ್ದೆ ಮಣ್ಣಿನಲ್ಲಿ ಹುದುಗಿ ಕೂರುತ್ತದೆ. ಒಂದು ಪೆಟ್ಟಿಗೆಯಲ್ಲಿ ಒಂದೇ ಇರಬೇಕು, ಜೊತೆಗಿಟ್ಟರೆ ಇನ್ನೊಂದನ್ನು ನುಂಗುತ್ತದೆ. ಡಿಸೆಂಬರಿನಲ್ಲಿ ಕೋಣೆ 20ಕ್ಕಿಂತ ಕೆಳಗಿಳಿದಾಗ ಅದು ಊಟ ಬಿಡುತ್ತದೆ. ಆಗ ಬಲವಂತ ಮಾಡಬೇಡಿ, ಬಚ್ಚಲೊಲೆಯ ಗೋಡೆಯಾಚೆಯ ಬೆಚ್ಚಗಿನ ಕೋಣೆಗೆ ಸ್ಥಳ ಬದಲಿಸಿ, ಹೊಗೆ ಮಾತ್ರ ತಾಕಬಾರದು. ಕಾರ್ನ್ ಸ್ನೇಕ್ ಇಟ್ಟುಕೊಂಡವರಿಗೂ ಇದೇ ಮಾತು: ಚಳಿಯ ವಾರಗಳಲ್ಲಿ ಇಲಿ ಹಾಕಬೇಡಿ. ಮೈಯಲ್ಲಿ ಬಿಸಿ ಇಲ್ಲದಾಗ ನುಂಗಿದ್ದು ಕರಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ.

ನೀರು, ಮಣ್ಣು, ಹುಳ

ಕಪ್ಪೆ ನೀರನ್ನು ಬಾಯಿಯಿಂದ ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ನೀರಿನಲ್ಲಿ ಇದ್ದದ್ದೆಲ್ಲ ಅದರ ಮೈಯೊಳಗೆ ಹೋಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ತೆರೆದಿಡಿ. ಬಾವಿ ನೀರು ಒಳ್ಳೆಯದು, ಆದರೆ ಕಡಲಂಚಿನ ಬಾವಿಗಳು ಬೇಸಿಗೆಯ ಕೊನೆಗೆ ಸವಳಾಗುತ್ತವೆ. ನಾಲಿಗೆಗೆ ಚೂರು ಉಪ್ಪೆನಿಸಿದರೂ ಆ ನೀರು ಕಪ್ಪೆಗೆ ಬೇಡ. ತಾಮ್ರದ ಹಂಡೆ, ಬಿಂದಿಗೆಯಲ್ಲಿ ನಿಂತ ನೀರೂ ಬೇಡ, ತಾಮ್ರ ಕಪ್ಪೆಗೆ ವಿಷ.

ಅದೇ ಕಾರಣಕ್ಕೆ ಅಡಿಕೆ ತೋಟದ ಎರೆಹುಳವನ್ನು ತಂದು ಹಾಕಬೇಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತವೆಂದರೆ ತಾಮ್ರವೇ. ವರ್ಷವರ್ಷವೂ ಹೊಡೆದದ್ದು ಬುಡದ ಮಣ್ಣಿನಲ್ಲಿ ಉಳಿದಿರುತ್ತದೆ.

ತಳಕ್ಕೆ ತೆಂಗಿನ ನಾರಿನ ಪುಡಿ ಚೆನ್ನಾಗಿ ಒಗ್ಗುತ್ತದೆ. ಇದರಲ್ಲೂ ಉಪ್ಪಿರುವುದುಂಟು. ಮೂರು ಸಲ ಸಿಹಿನೀರಿನಲ್ಲಿ ನೆನೆಸಿ ಹಿಂಡಿ ಆಮೇಲೆ ಹಾಸಿ. ಮಳೆಗಾಲದಲ್ಲಿ ನೀರು ಚಿಮುಕಿಸುವ ಅಗತ್ಯವೇ ಬೀಳದು. ಆಗ ನಿಮ್ಮ ಶತ್ರು ಬೂಷ್ಟು. ಪೂರ್ತಿ ಗಾಜಿನ ಮುಚ್ಚಳ ತೆಗೆದು ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆ ಹಾಕಿ, ಒಂದು ಬದಿಯಲ್ಲಿ ಕೆಳಗೂ ಗಾಳಿಕಂಡಿ ಇರಲಿ. ಇರುವೆ ಹತ್ತದಂತೆ ಮೇಜಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಸೊಳ್ಳೆಬತ್ತಿ, ಫಿನಾಯಿಲ್, ಜಿರಲೆಯ ಸ್ಪ್ರೇ ಆ ಕೋಣೆಗೆ ಬರಲೇಕೂಡದು. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಕಪ್ಪೆ ಮುಟ್ಟಬೇಡಿ.

ಆಹಾರಕ್ಕೆ ಡೂಬಿಯಾ ಜಿರಲೆಯನ್ನು ಮನೆಯಲ್ಲೇ ಬೆಳೆಸಬಹುದು. ಅದು ನುಣುಪಾದ ಪ್ಲಾಸ್ಟಿಕ್ ಹತ್ತಲಾರದು, ಮೊಟ್ಟೆಯ ಟ್ರೇ ಇಟ್ಟ ಡಬ್ಬಿಯಲ್ಲಿ ಕರಾವಳಿಯ ಸೆಕೆಗೆ ತಾನಾಗಿ ಮರಿ ಹಾಕುತ್ತದೆ. ಹುಳಗಳಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಪುಡಿ ಸವರಿ ಕೊಡಿ. ಬಿಸಿದೀಪ ಬೇಡ ಎಂದರೆ ಬೆಳಕೂ ಬೇಡ ಎಂದಲ್ಲ. ನೇರಳಾತೀತ ಬೆಳಕು ಕೊಡುವ ಕಡಿಮೆ ಶಕ್ತಿಯ ಯುವಿಬಿ ದೀಪ ಅಷ್ಟಾಗಿ ಬಿಸಿಯಾಗುವುದಿಲ್ಲ, ಮೂಳೆಗೆ ಒಳ್ಳೆಯದು.

ಹೊರಗೆ ಚೆಲ್ಲುವ ಮೊದಲು

ಈ ಒಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಕಪ್ಪೆಯ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರ ಜಗತ್ತಿನ ಎಷ್ಟೋ ಕಪ್ಪೆ ಜಾತಿಗಳನ್ನು ಮುಗಿಸಿಬಿಟ್ಟಿದೆ, ಸಾಕುಪ್ರಾಣಿಗಳ ವ್ಯಾಪಾರದ ಜೊತೆ ಅದೂ ಊರೂರು ತಿರುಗಿದೆ. ನಮ್ಮ ಕಾಡಿನ ಹಳ್ಳಗಳಲ್ಲಿ ಏನಿದೆ ಎಂಬುದು ನಿಮಗೆ ಗೊತ್ತಿರಲಿ. ಮೊಟ್ಟೆಯ ಮೇಲೆ ಕೈಯಾರೆ ಕೆಸರು ಮೆತ್ತಿ ಕಾಪಾಡುವ ಕುಂಬಾರ ಕಪ್ಪೆಯನ್ನು ವಿಜ್ಞಾನಿಗಳು 2014ರಲ್ಲಷ್ಟೇ ಹೆಸರಿಟ್ಟು ಲೋಕಕ್ಕೆ ತಿಳಿಸಿದರು, ಅದು ನಮ್ಮ ಜಿಲ್ಲೆಯ ಕಪ್ಪೆ. ಮಿಂಚುಳ್ಳಿಯಂತೆ ಕೂಗುವ ‘ಕರಾವಳಿ’ ಹೆಸರಿನ ಕಪ್ಪೆಗೆ ಹೆಸರು ಬಂದದ್ದು 2016ರಲ್ಲಿ. ನೀವು ತೊಟ್ಟಿಯಿಂದ ಚರಂಡಿಗೆ ಸುರಿದ ನೀರು ಗದ್ದೆ ಸೇರಿ ಹಳ್ಳಕ್ಕೇ ಹೋಗುತ್ತದೆ.

ಆದ್ದರಿಂದ ಕೊಳೆನೀರಿಗೆ ಬ್ಲೀಚಿಂಗ್ ಪುಡಿ ಕಲಸಿ ಒಂದು ದಿನ ಇಟ್ಟು, ಹಳ್ಳ-ಬಾವಿಯಿಂದ ದೂರ, ಬಿಸಿಲು ಬೀಳುವ ಒಣ ನೆಲಕ್ಕೆ ಚೆಲ್ಲಿ. ಮಳೆಗಾಲದಲ್ಲಿ ಒಣ ನೆಲ ಸಿಗದಿದ್ದರೆ ಶೌಚಾಲಯದ ಗುಂಡಿಗೆ ಹೋಗಲಿ. ಹಳೆಯ ನಾರಿನ ಪುಡಿಯನ್ನು ಸುಟ್ಟುಬಿಡಿ. ಕೈ ಸೋಪು ಹಾಕಿ ತೊಳೆಯಿರಿ. ಹಲ್ಲಿ, ಹಾವು, ಆಮೆಗಳಿಂದ ಸಾಲ್ಮೊನೆಲ್ಲಾ ಸೋಂಕು ಬರುವುದುಂಟು, ಐದು ವರ್ಷದೊಳಗಿನ ಮಕ್ಕಳಿದ್ದರೆ ಅವರ ಕೈಗೆ ಕೊಡಲೇಬೇಡಿ.

ತರುವ ದಿನ

ತರಲು ಒಳ್ಳೆಯ ಕಾಲ ನವೆಂಬರ್. ಮಳೆ ಮುಗಿದಿರುತ್ತದೆ, ಸೆಕೆಗೆ ಐದು ತಿಂಗಳಿರುತ್ತದೆ, ಅಷ್ಟರಲ್ಲಿ ಪ್ರಾಣಿ ನಿಮ್ಮ ಮನೆಗೆ ಹೊಂದಿಕೊಂಡಿರುತ್ತದೆ. ಅದಕ್ಕೂ ಮೊದಲು ನಿಮ್ಮ ತಾಲೂಕಿನ ಪಶುವೈದ್ಯರನ್ನು ಕಂಡು ಕೇಳಿ. ದನ, ಎಮ್ಮೆ, ನಾಯಿ ನೋಡಿ ಪಳಗಿದವರು ಕಪ್ಪೆಗೆ ಔಷಧ ಕೊಡಲು ಹಿಂಜರಿದರೆ ಅದು ಅವರ ಪ್ರಾಮಾಣಿಕತೆ. ಯಾವ ಊರಿನ ಯಾವ ವೈದ್ಯರಿಗೆ ಫೋನ್ ಮಾಡಬೇಕೆಂಬುದನ್ನು ಪ್ರಾಣಿ ಬರುವ ಮೊದಲೇ ಗೊತ್ತು ಮಾಡಿಕೊಳ್ಳಿ.

ಕೊರಿಯರ್‌ನಲ್ಲಿ ತರಿಸಬೇಡಿ, ನೀವೇ ಹೋಗಿ. ಅಂಗಡಿಯಲ್ಲಿ ಅದು ಊಟ ಮಾಡುವುದನ್ನು ಕಣ್ಣೆದುರು ತೋರಿಸಿ ಎನ್ನಿ. ಕಣ್ಣು ಗುಳಿ ಬಿದ್ದಿರಬಾರದು, ಹಲ್ಲಿಯ ಬಾಲ ಬಡಕಲಾಗಿರಬಾರದು, ಬೆರಳ ತುದಿಗಳಲ್ಲಿ ಹಳೆಯ ಪೊರೆ ಅಂಟಿರಬಾರದು. ಗಾಳಿಕಂಡಿಯ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ರಾತ್ರಿಯ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತನ್ನಿ.

ಮನೆಗೆ ತಂದ ಮೇಲೆ ಪೆಟ್ಟಿಗೆಯ ಮೂರು ಬದಿಗೆ ಹಳೆಯ ಪತ್ರಿಕೆ ಅಂಟಿಸಿ. ನೆಂಟರಿಷ್ಟರನ್ನು ಒಂದು ವಾರ ತಡೆಯಿರಿ. ಎರಡು ದಿನ ನೀರು ಮಾತ್ರ. ಮೂರನೆಯ ಸಂಜೆ ಒಂದೇ ಹುಳ ಬಿಟ್ಟು ಕೋಣೆಯ ದೀಪ ಆರಿಸಿ ಹೊರಗೆ ಬನ್ನಿ. ಬೆಳಿಗ್ಗೆ ಹುಳ ಹಾಗೇ ಇದ್ದರೆ ತೆಗೆದುಬಿಡಿ, ಎರಡು ದಿನ ಬಿಟ್ಟು ಮತ್ತೆ ಪ್ರಯತ್ನಿಸಿ. ಹುಳ ಇಲ್ಲದಿದ್ದರೆ ಆ ದಿನದ ಉಷ್ಣತೆ ಮತ್ತು ತೇವದ ಅಂಕಿಯ ಪಕ್ಕದಲ್ಲಿ ತಾರೀಕು ಹಾಕಿ, ‘ತಿಂದಿತು’ ಎಂದು ಬರೆಯಿರಿ.